ನೆಲಬೇವೂ ಗುಳಿಗೆಯೂ
(ಬಾನುಲಿ ಭಾಷಣ)

ಚನ್ನಗಿರಿಯ ಅಡಿಕೆ ತೋಟಗಳು, ಹೊನ್ನಾಳಿ, ನ್ಯಾಮತಿಗಳ ಹೊಲಗದ್ದೆಗಳು, ಜಗಳೂರಿನ ಕುರುಚಲು ಕಾಡು: ಈ ಸೀಮೆಯಲ್ಲೆಲ್ಲ ನಾಟಿ ಮದ್ದಿನ ಪರಿಚಯವಿಲ್ಲದ ಮನೆ ವಿರಳ. ಕಾಮಾಲೆಗೆ ನೆಲನೆಲ್ಲಿ, ಜ್ವರಕ್ಕೆ ಅಮೃತಬಳ್ಳಿ ಅಥವಾ ನೆಲಬೇವು ಎಂಬುದನ್ನು ಮಕ್ಕಳೂ ಬಲ್ಲರು. ಸಸ್ಯಶಾಸ್ತ್ರದ ಅಧ್ಯಾಪಕನಾಗಿದ್ದ ನನ್ನನ್ನು ಕಾಣಲು ಕೆಲವು ವರ್ಷಗಳ ಹಿಂದೆ ಜಗಳೂರಿನ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಎಚ್.ಐ.ವಿ. ಸೋಂಕು ತಗುಲಿದ್ದವನು. "ಮೇಷ್ಟ್ರೆ, ನೆಲಬೇವಿನ ಕಷಾಯ ಹಿಡಿದಿದ್ದೀನಿ. ಇನ್ನು ಗುಳಿಗೆ ಬಿಟ್ಟರೆ ಆಗೋದಿಲ್ವ?" ಎಂದು ಕೇಳಿದ.

ಕೇಳುಗರೆ, ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ವಿಜ್ಞಾನಿಗಳೂ ಇದೇ ಆಸೆಯಿಂದ ಕಾಡು ಸುತ್ತಿದ್ದಾರೆ. 1987ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗಾಗಿ ಸಸ್ಯ ಸಂಗ್ರಹಿಸುತ್ತಿದ್ದವರು ಮಲೇಷ್ಯಾದ ಸಾರವಾಕ್ ಪ್ರಾಂತದಿಂದ ಒಂದು ಮರದ ಎಲೆ, ರೆಂಬೆಗಳನ್ನು ತಂದರು. ನಮ್ಮ ಸುರಹೊನ್ನೆಯ ದಾಯಾದಿ ಅದು. ವೈರಾಣುವು ಜೀವಕೋಶದೊಳಗೆ ತನ್ನ ಪ್ರತಿ ತೆಗೆಯಲು ಒಂದು ಕಿಣ್ವವನ್ನು ಬಳಸುತ್ತದೆ. ಆ ಮರದಲ್ಲಿದ್ದ ಕೆಲನೊಲೈಡ್ ಎಂಬ ವಸ್ತು ಆ ಕಿಣ್ವದ ಕೈ ಕಟ್ಟಿಹಾಕಿತು. ಇನ್ನಷ್ಟು ಎಲೆ ಬೇಕೆಂದು ಮರಳಿ ಹೋದರೆ ಅಲ್ಲಿ ಮರವೇ ಇಲ್ಲ, ಯಾರೋ ಕಡಿದೊಯ್ದಿದ್ದರು! ಅದೇ ಜಾತಿಯ ಬೇರೆ ಮರಗಳಲ್ಲಿ ಆ ವಸ್ತು ಇದ್ದೂ ಇಲ್ಲದಂತಿತ್ತು. ಕಡೆಗೆ ಅದನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿ ಮನುಷ್ಯರಲ್ಲಿ ಪರೀಕ್ಷಿಸಿದರು. ಆದರೂ ಅದು ಔಷಧವಾಗಿ ರೋಗಿಯ ಕೈ ಸೇರಲಿಲ್ಲ. ಸುರಹೊನ್ನೆಯಲ್ಲಿಯೂ ಅಂಥ ವಸ್ತುಗಳುಂಟು. ಆ ಕಿಣ್ವವನ್ನು ತಡೆಯುವ ಅವುಗಳ ಗುಣ ಮೊದಲು ಕಂಡದ್ದು ಒಂದು ದೈತ್ಯ ಬಸವನಹುಳುವಿನ ಸಾರದಲ್ಲಿ ಎಂಬುದೊಂದು ತಮಾಷೆ. ಹುಳು ಆ ಮರವನ್ನು ಮೇಯ್ದಿರಬೇಕೆಂದು ಆಮೇಲೆ ಹೊಳೆಯಿತು.

ಇನ್ನು ನೆಲಬೇವು. ಅದರ ಕಹಿಯ ಸತ್ವವಾದ ಆಂಡ್ರೋಗ್ರಾಫೊಲೈಡನ್ನು 13 ಮಂದಿ ಸೋಂಕಿತರಿಗೂ 5 ಮಂದಿ ಆರೋಗ್ಯವಂತರಿಗೂ ಕೊಟ್ಟು ನೋಡಿದ ಅಮೆರಿಕದ ಪ್ರಯೋಗವೊಂದರ ವರದಿ 2000ರಲ್ಲಿ ಹೊರಬಂದಿತು. ಅಲರ್ಜಿಯೇ ಮೊದಲಾದ ತೊಂದರೆಗಳು ತಲೆದೋರಿ ಪ್ರಯೋಗವನ್ನು ಆರೇ ವಾರಗಳಲ್ಲಿ ನಿಲ್ಲಿಸಬೇಕಾಯಿತು. ರಕ್ತದಲ್ಲಿನ ವೈರಾಣು ಹೇಳಿಕೊಳ್ಳುವಷ್ಟು ತಗ್ಗಿರಲಿಲ್ಲ. ಅಡಿಗೆಮನೆಯ ಬೆಳ್ಳುಳ್ಳಿಯನ್ನೇ ನೋಡಿ. ಅದರ ಗುಳಿಗೆಗಳನ್ನು ನುಂಗಿದವರ ರಕ್ತದಲ್ಲಿ ಸಾಕ್ವಿನಾವಿರ್ ಎಂಬ ಎಚ್.ಐ.ವಿ. ಔಷಧದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದದ್ದು ಕಂಡುಬಂದಿದೆ.

ನಮ್ಮ ಸರ್ಕಾರ 2004ರ ಏಪ್ರಿಲ್ 1ರಿಂದ ಗುಳಿಗೆಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ದಿನ ತಪ್ಪದೆ ನುಂಗಿದರೆ ವೈರಾಣು ಪರೀಕ್ಷೆಗೂ ಸಿಕ್ಕದಷ್ಟು ಕುಗ್ಗುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಮದ್ದಿಗೆ ಮಣಿಯದ ವೈರಾಣು ಬೆಳೆದೀತು.

ಇಷ್ಟನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, "ಪಂಡಿತರ ಜಗಲಿಯಲ್ಲಿ ನನ್ನ ಹೆಸರು ಬರಕೊಳ್ಳೋರಿಲ್ಲ ಮೇಷ್ಟ್ರೆ. ಆಸ್ಪತ್ರೆ ಸರದಿಯಲ್ಲಿ ನಮ್ಮೂರೋರು ಯಾರಾದರೂ ಕಂಡುಬಿಟ್ಟರೆ?" ಎಂದ. ನನ್ನ ಸಸ್ಯಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಷಾಯದ ಮೇಲಿನ ನಂಬಿಕೆಗಿಂತ ಈ ಭಯವೇ ಅವನನ್ನು ಪಂಡಿತರ ಬಳಿಗೆ ಕಳಿಸಿತ್ತೆಂದು ನನಗೆ ತೋರಿತು.

ಮುಂದಿನ ಸಲ ಗುಳಿಗೆ ತರುವ ದಿನ ನಾನೂ ಅವನ ಜೊತೆಗೆ ದಾವಣಗೆರೆಯ ಬಸ್ಸು ಹತ್ತಿದೆ. ಸರದಿಯಲ್ಲಿ ಇಬ್ಬರೂ ನಿಂತೆವು. ಕಷಾಯದ ವಿಷಯವನ್ನು ವೈದ್ಯರಿಗೆ ಅವನೇ ಹೇಳಿದ.