ಕಾರಿನ ಎಸಿ ಬಿಸಿಗಾಳಿ ಊದಿದರೆ, ಗ್ಯಾಸ್ ಹಾಕಿಸೋ ಮುಂಚೆ

ಬೆಂಗಳೂರು ಬಿಟ್ಟು ವಿಶಾಖಪಟ್ಟಣಕ್ಕೆ ಬಂದ ಮೇಲೆ ನಾನು ಬೇಗ ಕಲಿತ ತೆಲುಗು ವಾಕ್ಯಗಳಲ್ಲಿ ಒಂದು, "ಗ್ಯಾಸ್ ಅಯಿಪೋಯಿಂದಿ ಸಾರ್." ಗ್ಯಾಸ್ ಮುಗಿದುಹೋಗಿದೆ ಅಂತ. ಇದನ್ನ ನಂಬಿ ಎರಡು ಸಲ ದುಡ್ಡು ಕೊಟ್ಟಿದ್ದೇನೆ. ಆ ಕಥೆಯಲ್ಲಿ ಮೆಕ್ಯಾನಿಕ್ ತಪ್ಪಿಗಿಂತ ನನ್ನ ತಪ್ಪೇ ಜಾಸ್ತಿ.

ಮಾರ್ಚ್‌ನಲ್ಲಿ ಮದ್ದಿಲಪಾಲೆಂ ಸಿಗ್ನಲ್ಲಲ್ಲಿ ನಿಂತಿದ್ದಾಗ ಬಿಸಿಗಾಳಿ ಬರೋಕೆ ಶುರುವಾಯ್ತು. ಮನೆ ಹತ್ತಿರದ ಗ್ಯಾರೇಜಲ್ಲಿ ಗ್ಯಾಸ್ ತುಂಬಿದರು. ಸಂಜೆ ಬೀಚ್ ರೋಡಲ್ಲಿ ಓಡಿಸಿ ನೋಡಿದೆ, ತಂಪು. ಏಪ್ರಿಲ್‌ನಲ್ಲಿ ಮತ್ತೆ ಅದೇ ತೊಂದರೆ, ಮತ್ತೆ ಗ್ಯಾಸ್, ಮತ್ತೆ ಬೀಚ್ ರೋಡ್. ಆಫೀಸಲ್ಲಿ ಜೂನಿಯರ್ ಹುಡುಗರು ಹೀಗೆ ಟೆಸ್ಟ್ ಮಾಡಿ ಟಿಕೆಟ್ ಕ್ಲೋಸ್ ಮಾಡಿದ್ರೆ ಬೈತೀನಿ. ಸಮುದ್ರದ ಗಾಳಿ, ಖಾಲಿ ರಸ್ತೆ, ಒಳ್ಳೆ ಸ್ಪೀಡು. ಕೆಟ್ಟ ಎಸಿಯೂ ಪಾಸಾಗೋ ಪರೀಕ್ಷೆ ಅದು.

ಮೇ ತಿಂಗಳಲ್ಲಿ ದಾವಣಗೆರೆಯಿಂದ ಅಮ್ಮ ಬಂದಳು. ವಿಜಯವಾಡದ ಕನಕದುರ್ಗೆಯ ದರ್ಶನ ಆಗಬೇಕು ಅಂದಳು. ಹೆದ್ದಾರಿ 16ರಲ್ಲಿ ಸುಮಾರು 350 ಕಿಲೋಮೀಟರ್. ಅನಕಾಪಲ್ಲಿ, ತುನಿ, ರಾಜಮಹೇಂದ್ರವರಂ, ಎಲೂರು, ಓಡ್ತಾ ಇರೋವರೆಗೆ ಎಸಿ ಚೆನ್ನಾಗೇ ಇತ್ತು. ಟೋಲ್‌ನಲ್ಲಿ ನಿಂತ್ರೆ ಗಾಳಿ ಬಿಸಿಯಾಗೋದು, ಹೊರಟರೆ ತಂಪಾಗೋದು. ಕಾರು ತಾನಾಗಿಯೇ ತನ್ನ ರೋಗ ಹೇಳ್ತಾ ಇತ್ತು, ನಾನು ಕೇಳಿಸ್ಕೊಳ್ಳಲಿಲ್ಲ.

ಮಧ್ಯಾಹ್ನ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಟ್ರಾಫಿಕ್ಕಲ್ಲಿ ಸಿಕ್ಕಿಬಿದ್ವಿ. ಹೊರಗೆ 40 ದಾಟಿತ್ತು. "ದಾವಣಗೆರೆ ಬಿಸಿಲು ಕಂಡೋಳು ನಾನು, ನಂಗೇನೂ ಆಗಲ್ಲ ಕಣೋ" ಅಂತಿದ್ದ ಅಮ್ಮ ಸ್ವಲ್ಪ ಹೊತ್ತಿಗೆ ಮಾತೇ ನಿಲ್ಲಿಸಿದಳು. ತಿರುಗಿ ನೋಡಿದ್ರೆ ಮುಖ ಕೆಂಪಾಗಿದೆ, ಕಣ್ಣು ಅರ್ಧ ಮುಚ್ಚಿದೆ. ಬಿಪಿ ಮಾತ್ರೆ ತಗೊಳ್ಳೋ ಹೆಂಗಸು. ಕಾರು ಪಕ್ಕಕ್ಕೆ ಹಾಕಿ, ಒಂದು ಔಷಧಿ ಅಂಗಡಿಯ ಎಸಿ ಕೆಳಗೆ ಕೂರಿಸಿ, ಒದ್ದೆ ಬಟ್ಟೆ ಹಾಕಿ, ಓಆರ್‌ಎಸ್ ಕುಡಿಸಿದೆ. ಅರ್ಧ ಗಂಟೆ ಆದ್ಮೇಲೆ "ಕಾಫಿ ಸಿಗುತ್ತೇನೋ" ಅಂದಳು. ಆಗ ನನ್ನ ಕೈ ನಡುಗೋದು ನಿಂತಿತು.

ಹತ್ತಿರದಲ್ಲೇ ಆಟೋನಗರ. ಲಾರಿ, ಬಸ್ಸು, ಕಾರು, ಯಾವುದರ ರಿಪೇರಿಗಾದರೂ ಒಂದೊಂದು ಶೆಡ್ ಇರೋ ಜಾಗ. ಅಮ್ಮನ್ನ ಹೋಟೆಲ್ ರೂಮಲ್ಲಿ ಬಿಟ್ಟು ಅಲ್ಲಿಗೆ ಹೋದೆ. ನಾನೇ ಮುಂದಾಗಿ "ಗ್ಯಾಸ್ ಹಾಕಿ" ಅಂದೆ. ಎಸಿ ಕೆಲಸದ ಹಿರಿಯರು ಗ್ಯಾಸ್ ಸಿಲಿಂಡರ್ ಮುಟ್ಟಲೇ ಇಲ್ಲ. "ವೇಡಿ ಗಾಲಿ ಎಪ್ಪುಡು ವಸ್ತುಂದಿ?" ಅಂದ್ರು. ಬಿಸಿಗಾಳಿ ಯಾವಾಗ ಬರುತ್ತೆ? ಎರಡು ತಿಂಗಳಲ್ಲಿ ಯಾರೂ ಕೇಳದ, ನಾನೂ ಯಾರಿಗೂ ಹೇಳದ ವಿಷಯ. ನಿಂತಾಗ ಅಂದೆ.

ಬಾನೆಟ್ ಎತ್ತಿ, ಎಸಿ ಆನ್ ಮಾಡಿಸಿ, ಮುಂದೆ ನೋಡಿದ್ರು. ಕಂಡೆನ್ಸರ್ ಫ್ಯಾನ್ ತಿರುಗ್ತಿಲ್ಲ. ಗೇಜ್ ಹಾಕಿದ್ರೆ ಹೈ ಪ್ರೆಷರ್ ಏರ್ತಾ ಏರ್ತಾ 400 ಪಿಎಸ್‌ಐ ದಾಟಿ, ಕಂಪ್ರೆಸರ್ ಟಕ್ ಅಂತ ನಿಂತಿತು. ಆಮೇಲೆ ಒಂದು ಮಗ್ ನೀರು ಕಂಡೆನ್ಸರ್ ಮೇಲೆ ಸುರಿದ್ರು. ಮುಳ್ಳು ಇಳೀತು, ಒಳಗೆ ತಣ್ಣನೆ ಗಾಳಿ ಬಂತು! ಎಂಟೆಕ್ ಮಾಡಿದ ನನಗೆ ಆ ಮಗ್ ನೋಡಿ ನಾಚಿಕೆಯಾಯ್ತು.

ಇದರ ಲೆಕ್ಕ ಇಷ್ಟೇ. ಕಾರಿನೊಳಗಿನ ಶಾಖವನ್ನ ಗ್ಯಾಸು ಹೊತ್ತು ತಂದು ಮುಂದಿನ ಕಂಡೆನ್ಸರ್‌ನಲ್ಲಿ ಹೊರಗೆ ಬಿಡಬೇಕು. ಓಡುವಾಗ ಎದುರುಗಾಳಿಯೇ ಆ ಶಾಖ ಒಯ್ಯುತ್ತೆ. ನಿಂತಾಗ ಫ್ಯಾನ್ ಬೇಕು. ಫ್ಯಾನ್ ಇಲ್ಲದಿದ್ರೆ ಪ್ರೆಷರ್ ಏರುತ್ತೆ, ಕಂಪ್ರೆಸರ್ ಹಾಳಾಗದ ಹಾಗೆ ಪ್ರೆಷರ್ ಸ್ವಿಚ್ ಅದನ್ನ ನಿಲ್ಲಿಸುತ್ತೆ. ತುಂಬಿರೋ ಸಿಸ್ಟಮ್‌ಗೆ ಮತ್ತೆ ಗ್ಯಾಸ್ ತುರುಕಿದ್ರೆ ಪ್ರೆಷರ್ ಇನ್ನೂ ಜಾಸ್ತಿ. ಅಂದ್ರೆ ನಾನು ದುಡ್ಡು ಕೊಟ್ಟು ಕಾಯಿಲೆ ಹೆಚ್ಚಿಸ್ಕೊಂಡಿದ್ದೆ. ನನ್ನ ಕಾರಲ್ಲಿ ರೇಡಿಯೇಟರ್‌ಗೆ ಬೇರೆ ಫ್ಯಾನ್ ಇದೆ, ಅದಕ್ಕೇ ಎಂಜಿನ್ ಬಿಸಿಯಾಗಲಿಲ್ಲ, ಅನುಮಾನವೂ ಬರಲಿಲ್ಲ.

ಫ್ಯೂಸ್ ನೋಡಿದ್ರು, ಸರಿ ಇತ್ತು. ಅದೇ ನಂಬರಿನ ಹಾರ್ನ್ ರಿಲೇ ಕಿತ್ತು ಫ್ಯಾನ್ ರಿಲೇ ಜಾಗಕ್ಕೆ ಹಾಕಿದ್ರು, ಫ್ಯಾನ್ ತಿರುಗಲಿಲ್ಲ. ಮೋಟಾರ್‌ಗೆ ನೇರ ಬ್ಯಾಟರಿ ಕೊಟ್ರು, ಆಗಲೂ ಇಲ್ಲ. ಮೋಟಾರೇ ಸತ್ತಿತ್ತು. ಹೊಸದು ಹಾಕಿ, ಹಳೆ ಗ್ಯಾಸ್ ಪೂರ್ತಿ ತೆಗೆದು, ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗ್ರಾಂ ತೂಕ ಹಾಕಿ ತುಂಬಿದ್ರು. ಮೋಟಾರಿನ ಬೆಲೆ ನನ್ನ ಎರಡು ಗ್ಯಾಸ್ ಬಿಲ್ಲಿಗಿಂತ ಕಮ್ಮಿ. ವಾಪಸ್ ಬರುವಾಗ ಟೋಲ್ ಕ್ಯೂನಲ್ಲಿ ಅಮ್ಮ "ಸ್ವಲ್ಪ ಕಮ್ಮಿ ಮಾಡೋ, ಚಳಿ" ಅಂದಳು.

ಎಲ್ಲರ ಕಾರಲ್ಲೂ ಫ್ಯಾನೇ ಕೆಟ್ಟಿರುತ್ತೆ ಅಂತಲ್ಲ. ಓಡಿದ್ರೂ ನಿಂತ್ರೂ ಬಿಸಿ, ಕಂಪ್ರೆಸರ್ ಕ್ಲಚ್ ಹಿಡೀತಾನೇ ಇಲ್ಲ ಅಂದ್ರೆ ಗ್ಯಾಸ್ ಸೋರಿರಬಹುದು, ಕ್ಲಚ್‌ಗೆ ಕರೆಂಟ್ ಬರದೇ ಇರಬಹುದು. ಮೊದಲು ತಂಪಿದ್ದು, ಲಾಂಗ್ ಡ್ರೈವ್‌ನಲ್ಲಿ ಬರಬರುತ್ತಾ ಗಾಳಿಯೇ ಸಣ್ಣಗಾದ್ರೆ ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿರುತ್ತೆ. ನಿಜವಾಗ್ಲೂ ಗ್ಯಾಸ್ ಕಮ್ಮಿಯಾಗಿದ್ರೆ ಎಲ್ಲಿ ಸೋರ್ತಿದೆ ಅಂತ ಹುಡುಕಿಸಿ. ಗ್ಯಾಸು ಪೆಟ್ರೋಲ್ ಥರ ಉರಿದು ಖರ್ಚಾಗೋದಲ್ಲ. ಹೋಸ್‌ಗಳಲ್ಲಿ ವರ್ಷಗಟ್ಟಲೆಗೆ ಒಂಚೂರು ಜಿನುಗಬಹುದು, ಒಂದು ತಿಂಗಳಿಗೆ ಖಾಲಿಯಾಗಲ್ಲ. ವೈಜಾಗ್‌ನವರು ಕಂಡೆನ್ಸರ್ ನೋಡ್ಕೊಳ್ಳಿ, ಉಪ್ಪುಗಾಳಿ ಅಲ್ಯೂಮಿನಿಯಂನ ತಿನ್ನುತ್ತೆ. ಜಾಯಿಂಟಲ್ಲಿ ಎಣ್ಣೆ ಕಲೆ ಇದ್ರೆ ಸೋರಿಕೆ ಅಲ್ಲೇ ಇರಬಹುದು.

ಫ್ಯಾನ್ ತಿರುಗ್ತಿದೆಯಾ ಅಂತ ನೋಡೋವಾಗ ಕೈ ದೂರ ಇಡಿ, ಅದು ಯಾವಾಗ ಬೇಕಾದ್ರೂ ಶುರುವಾಗುತ್ತೆ. ಗ್ಯಾಸ್ ಪೈಪ್ ಮಾತ್ರ ನೀವೇ ಬಿಚ್ಚೋಕೆ ಹೋಗ್ಬೇಡಿ. ಆರ್-134ಎ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತೆ, ಚರ್ಮದ ಮೇಲೆ ಚಿಮ್ಮಿದ್ರೆ ಚರ್ಮ ಹೆಪ್ಪುಗಟ್ಟುತ್ತೆ.