ಮೋಸ ಹೋದವರು ಯಾಕೆ ಬಾಯಿ ಬಿಡಲ್ಲ?



ಇವತ್ತು ರಾಜಕೀಯ ಬೇಡ. ಒಂದು ಕಾದಂಬರಿ ಬಗ್ಗೆ ಮಾತಾಡೋಣ. ಜೆಫ್ರಿ ಆರ್ಚರ್ ಬರೆದ ‘ನಾಟ್ ಎ ಪೆನ್ನಿ ಮೋರ್, ನಾಟ್ ಎ ಪೆನ್ನಿ ಲೆಸ್’. 1976ರಲ್ಲಿ ಬಂದದ್ದು, ಆರ್ಚರ್ ಅವರ ಮೊದಲ ಪುಸ್ತಕ. ನಾನು ಇದನ್ನು ಓದಿದ್ದು ಇಂಜಿನಿಯರಿಂಗ್ ಪರೀಕ್ಷೆಯ ಹಿಂದಿನ ರಾತ್ರಿ. ಅಂಕ ಎಷ್ಟು ಬಂತು ಅಂತ ಮಾತ್ರ ಕೇಳ್ಬೇಡಿ!

ಕಥೆ ಇಷ್ಟು. ಹಾರ್ವೆ ಮೆಟ್‌ಕಾಫ್ ಅಂತ ಅಮೆರಿಕದ ಒಬ್ಬ ಕೋಟ್ಯಧಿಪತಿ. ಬ್ರಿಟನ್ ಪಕ್ಕದ ಉತ್ತರ ಸಮುದ್ರದಲ್ಲಿ ತೈಲ ತೆಗೀತೀವಿ ಅಂತ ಬೋಗಸ್ ಕಂಪನಿ ಹುಟ್ಟುಹಾಕ್ತಾನೆ. ಷೇರು ಬೆಲೆ ಏರಿದಾಗ ಮಾರಿ ಕೈ ತೊಳ್ಕೋತಾನೆ. ನಾಲ್ವರ 10 ಲಕ್ಷ ಡಾಲರ್ ನೀರುಪಾಲು. ಅವರೇನು ದಡ್ಡರಾ? ಒಬ್ಬ ಆಕ್ಸ್‌ಫರ್ಡ್‌ನ ಗಣಿತ ಮೇಷ್ಟ್ರು. ಒಬ್ಬ ಲಂಡನ್ನಿನ ಹೆಸರಾಂತ ಡಾಕ್ಟರು. ಒಬ್ಬ ಚಿತ್ರಕಲೆ ವ್ಯಾಪಾರಿ. ಇನ್ನೊಬ್ಬ ದೊಡ್ಡ ಮನೆತನದ ಕುಡಿ.

ಇವರಿಗೆ ಷೇರು ಕೊಳ್ಳಿ ಅಂದವನು ಡೇವಿಡ್. ಹಾರ್ವರ್ಡ್‌ನಲ್ಲಿ ಓದಿದ, ಪ್ರಾಮಾಣಿಕ ಹುಡುಗ. ಕಂಪನಿ ಅಸಲಿ ಅಂತ ಅವನೇ ನಂಬಿದ್ದ! ನಮ್ಮಲ್ಲೂ ಹಂಗೇ ಅಲ್ವಾ? ಸ್ಕೀಮಿಗೆ ದುಡ್ಡು ಹಾಕಿ ಅಂತ ಮನೆಗೆ ಬರೋರು ಭಾವಮೈದುನನೋ, ಆಫೀಸಿನ ಗೆಳೆಯನೋ. ಅವರ ಮುಖ ನೋಡಿ ದುಡ್ಡು ಕೊಡ್ತೀವಿ.

ಮುಂದೆ ಸೇಡು. ನಕಲಿ ವ್ಯಾನ್ ಗೋ ಚಿತ್ರ, ಮಾಂಟೆ ಕಾರ್ಲೊದಲ್ಲಿ ಕಾಯಿಲೆಯೇ ಇಲ್ಲದವನಿಗೆ ಆಪರೇಷನ್ ನಾಟಕ. ಕಳ್ಕೊಂಡಷ್ಟೇ ವಾಪಸ್, ಖರ್ಚಿನ ಲೆಕ್ಕವೂ ಪಕ್ಕಾ. ಓದೋಕೆ ಮಜಾ. ಆದರೆ ಎಲ್ಲವೂ ಇಷ್ಟು ಸಲೀಸಾಗಿ ಕೂಡಿಬರುತ್ತಾ ಅನ್ನೋ ಅನುಮಾನ ನನಗೆ ಇದ್ದೇ ಇದೆ. ಕೊನೆಯ ತಿರುವು ಹೇಳಲ್ಲ, ನೀವೇ ಓದಿ.

ನನಗೆ ಹಿಡಿಸಿದ್ದು ಸೇಡಿಗಿಂತ ಮುಂಚಿನ ಒಂದು ಊಟ. ಪೊಲೀಸರು ದುಡ್ಡು ವಾಪಸ್ ಬರೋದು ಕಷ್ಟ ಅಂದಮೇಲೆ ಮೇಷ್ಟ್ರು ಉಳಿದ ಮೂವರನ್ನು ಹುಡುಕಿ ಊಟಕ್ಕೆ ಕರೀತಾರೆ. ಅಲ್ಲೀತನಕ ಒಬ್ಬೊಬ್ಬರೂ ಒಳಗೊಳಗೇ ಬೇಯುತ್ತಿದ್ದರು. ಆ ಟೇಬಲ್‌ನಲ್ಲಿ ಮೊದಲ ಸಲ, ನನಗೂ ಮೋಸ ಆಯ್ತು ಅನ್ನೋ ಮಾತು ಬಾಯಿಂದ ಹೊರಗೆ ಬರುತ್ತೆ. ಹಾರ್ವೆಯ ಆಟ ಕೆಡೋಕೆ ಶುರುವಾಗೋದು ಅಲ್ಲಿಂದಲೇ.

ಆರ್ಚರ್‌ಗೆ ಈ ಸಂಕಟ ಗೊತ್ತಿತ್ತು. 1974ರಲ್ಲಿ ಸಂಸದರಾಗಿದ್ದಾಗ ಕೆನಡಾದ ಕಂಪನಿಯೊಂದಕ್ಕೆ ಸಾಲ ಮಾಡಿ ದುಡ್ಡು ಹಾಕಿ, ಮೋಸ ಹೋಗಿ ದಿವಾಳಿ ಅಂಚಿಗೆ ಬಂದರು. ಸಂಸತ್ತು ಬಿಟ್ಟು ಬರೆದದ್ದೇ ಈ ಕಾದಂಬರಿ. ವಿಪರ್ಯಾಸ ನೋಡಿ, ನ್ಯಾಯಾಲಯದಲ್ಲಿ ಸುಳ್ಳು ಹೇಳಿದ್ದಕ್ಕೆ 2001ರಲ್ಲಿ ಇದೇ ಆರ್ಚರ್ ಜೈಲಿಗೂ ಹೋದರು.

ಈಗ ನಮ್ಮ ಮಾತು. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ನಿವೃತ್ತರ ಪಿಂಚಣಿ ದುಡ್ಡು ದೋಚ್ತಾರೆ. ಮಕ್ಕಳು ಏನಂತಾರೋ, ನೆಂಟರು ನಗ್ತಾರೋ ಅಂತ ಅಪ್ಪ ಬಾಯಿ ಬಿಡಲ್ಲ. ಆ ನಾಚಿಕೆಯೇ ಕಳ್ಳನಿಗೆ ಸಿಗೋ ಟೈಮು. ಅಷ್ಟರಲ್ಲಿ ಹಣ ಹತ್ತು ಖಾತೆ ದಾಟಿರುತ್ತೆ. ಆಮೇಲೆ, ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಫೀಸು ಕಟ್ಟಿ ಅಂತ ಇನ್ನೊಂದು ಫೋನು. ಅದೂ ಮೋಸವೇ.

ಕಾದಂಬರಿಯ ಸೇಡು ಕಾದಂಬರಿಯಲ್ಲೇ ಇರಲಿ. ನೀವು ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ನಿಮ್ಮ ಅಪ್ಪನೋ ಅತ್ತೆಯೋ ಹಿಂಗಾಯ್ತು ಅಂತ ಹೇಳಿದರೆ, ಅಷ್ಟೂ ಗೊತ್ತಾಗಲಿಲ್ವಾ ಅಂತ ಕೇಳ್ಬೇಡಿ. ಮೊದಲು ಪಕ್ಕದಲ್ಲಿ ಕೂತ್ಕೊಂಡು ಆ ಫೋನ್ ಮಾಡಿಸಿ.