ಪರದೇಶದ ವಿದ್ಯಾರ್ಥಿ ಕಂಡ ಗದಗು

ಹೊರನಾಡಿನವರು ನಮ್ಮ ಊರುಗಳನ್ನು ಕಂಡು ಬರೆದಿಟ್ಟ ಮಾತುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ವಿಜಯನಗರವನ್ನು 1443ರಲ್ಲಿ ಕಂಡ ಪಾರಸೀಕದ ಅಬ್ದುರ್ ರಜಾಕನೂ ಮುಂದಿನ ಶತಮಾನದಲ್ಲಿ ಕಂಡ ಪೋರ್ತುಗೀಸ ಪಾಯಸನೂ ಹೇಗೆ ಬೆರಗಾದರೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಅವರು ಕಂಡದ್ದು ರಾಜಧಾನಿಯನ್ನು. ಅಲ್ಲಿ ಬೆರಗಾಗದೆ ಗತಿಯಿರಲಿಲ್ಲ. ಅರಮನೆಯಿಲ್ಲದ, ಹತ್ತಿ, ಮಗ್ಗ, ಅಚ್ಚುಕೂಟ, ಸಂತೆಗಳಿಂದ ಬದುಕುವ ಊರೊಂದು ಹೊಸಬನ ಕಣ್ಣಿಗೆ ಹೇಗೆ ತೋರುತ್ತದೆ? ಗದಗು ಅಂಥ ಊರು. ಬೆಟಗೇರಿಯನ್ನು ಕೂಡಿಸಿ ಅವಳಿನಗರವೆನ್ನುವ ರೂಢಿಯುಂಟು.

ಗದುಗಿಗೆ ಪರದೇಶದ ಪಂಡಿತರು ಬಾರದೆ ಇದ್ದವರಲ್ಲ. 1850ರ ದಶಕದಲ್ಲಿಯೇ ಡಾಕ್ಟರ್ ಪಿಗೊ ಮೊದಲಾದವರು ಇಲ್ಲಿಯ ಗುಡಿಗಳ ಛಾಯಾಚಿತ್ರಗಳನ್ನು ತೆಗೆದರು. ಅವು ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ ಇವರ ವಿವರಣೆಯೊಡನೆ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದುವು. ಫ್ಲೀಟ್ ಸಾಹೇಬರು ಶಾಸನಗಳನ್ನು ಓದಿದರು. ಕೀಲ್‌ಹಾರ್ನ್ ಮತ್ತು ಲ್ಯೂಡರ್ಸ್ ಎಂಬ ಜರ್ಮನ್ ವಿದ್ವಾಂಸರು ತ್ರಿಕೂಟೇಶ್ವರನ ಎರಡು ಶಾಸನಗಳನ್ನು ಸಂಪಾದಿಸಿದರು. ಕಸಿನ್ಸ್ ಅವರ ದೊಡ್ಡ ಗ್ರಂಥವು 1926ರಲ್ಲಿ ಹೊರಬಂದಿತು. ಇವರೆಲ್ಲರ ಋಣವು ನಮ್ಮ ಮೇಲೆ ಇದೆ. ಆದರೂ ಈ ಪುಸ್ತಕಗಳನ್ನು ಸಾಲಾಗಿಟ್ಟು ಓದಿದರೆ ಒಂದು ವಿಚಿತ್ರವು ಕಾಣುತ್ತದೆ: ಅವುಗಳಲ್ಲಿ ಗುಡಿಯುಂಟು, ಕಂಬವುಂಟು, ಅಳತೆಯುಂಟು, ಊರೇ ಇಲ್ಲ.

ಕಳೆದ ವರ್ಷ ಜರ್ಮನಿಯ ತರುಣ ವಿದ್ಯಾರ್ಥಿಯೊಬ್ಬನಿಗೆ ಗದಗನ್ನು ತೋರಿಸುವ ಸಂದರ್ಭವು ನಮಗೆ ಒದಗಿತು. ಆತನ ವ್ಯಾಸಂಗವು ಚಾಲುಕ್ಯರ ಕಾಲದ ವಾಸ್ತುವನ್ನು ಕುರಿತದ್ದು. ಚೀಲದಲ್ಲಿ ಕಸಿನ್ಸ್ ಇದ್ದರು. ಡಚ್ ವಿದ್ವಾಂಸ ಫುಕೇಮಾ ಅವರು 2003ರಲ್ಲಿ ಪ್ರಕಟಿಸಿದ ಸಂಪುಟಗಳ ಟಿಪ್ಪಣಿಯೂ ಇದ್ದಿತು. ಗದುಗಿಗೆ ಒಂದು ದಿನ, ಲಕ್ಕುಂಡಿಗೆ ನಾಲ್ಕು ದಿನ ಎಂದು ಆತನು ಲೆಕ್ಕ ಹಾಕಿಕೊಂಡು ಬಂದಿದ್ದನು. ತನ್ನ ದೇಶದಲ್ಲಿಯೇ ಎರಡು ವರ್ಷ ಕನ್ನಡ ಕಲಿತಿದ್ದನು. ಅದು ಕೇವಲ ಗ್ರಂಥಸ್ಥ ಕನ್ನಡ. ಸ್ಟೇಷನ್ನಿನ ಹೊರಗಿನ ಅಂಗಡಿಯಲ್ಲಿ ನಿಂತು, "ನಾನು ಚಹಾವನ್ನು ಕುಡಿಯಲು ಇಚ್ಛಿಸುತ್ತೇನೆ" ಎಂದನು. ಅಂಗಡಿಯ ಹುಡುಗನು ನಗುವನ್ನು ತಡೆದುಕೊಂಡು, "ಯಾವ ಊರ್ರೀ ನಿಮ್ಮದು, ಮೈಸೂರೇನು?" ಎಂದು ಕೇಳಿದನು. ಮೈಸೂರಿನ ಶ್ರೋತೃಗಳು ಕ್ಷಮಿಸಬೇಕು.

ಮೊದಲ ಹೊತ್ತಿನಲ್ಲಿ ಆತನಿಗೆ ಕಂಡದ್ದು ಧೂಳು, ಬಿಸಿಲು, ಮೋಟಾರುಗಳ ಕೂಗು. ಯಾರೂ ಯಾರಿಗೂ ದಾರಿ ಬಿಡುವುದಿಲ್ಲ, ಆದರೂ ಯಾರೂ ಯಾರಿಗೂ ತಗಲುವುದಿಲ್ಲ, ಇದು ಹೇಗೆಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಎದುರಾದವರೆಲ್ಲರೂ "ಊಟಾ ಆತೇನ್ರಿ?" ಎನ್ನುತ್ತಿದ್ದುದರಿಂದ, ತಾನು ಉಪವಾಸವಿರುವವನಂತೆ ತೋರುತ್ತಿರುವೆನೆಂದು ಆತನು ತಿಳಿದನು. ಅದು ಕುಶಲಪ್ರಶ್ನೆಯೆಂದು ಗೊತ್ತಾದ ಮೇಲೆ ಟಿಪ್ಪಣಿಯ ಪುಸ್ತಕದಲ್ಲಿ ಎಣಿಸಲಾರಂಭಿಸಿದನು. ಸಂಜೆಯ ಹೊತ್ತಿಗೆ ಹನ್ನೊಂದಾಗಿತ್ತು.

ತ್ರಿಕೂಟೇಶ್ವರನ ಗುಡಿಯಲ್ಲಿ ಆತನು ಮನೆಗೆ ಬಂದವನಂತಾದನು. ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಪಕ್ಕದಲ್ಲಿ ಸರಸ್ವತಿಯ ಗುಡಿ. ದೇವಿಯ ವಿಗ್ರಹವು ಭಗ್ನವಾಗಿದೆ, ಕಂಬಗಳು ಮಾತ್ರ ನಿನ್ನೆ ಕಡೆದಿಟ್ಟಂತೆ ನಿಂತಿವೆ. ಬಳಪದ ಕಲ್ಲು ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಆದುದರಿಂದಲೇ ಇಷ್ಟು ಸಣ್ಣ ಕೆಲಸವು ಸಾಧ್ಯವಾಯಿತೆಂದು ನಮಗೆ ವಿವರಿಸಿದನು. ನಾವು ಆತನಿಗೆ ಹೇಳಿದ್ದು ಬೇರೆ. ಶಕ 1113ರಲ್ಲಿ, ಎಂದರೆ 1191ರಲ್ಲಿ, ಸೇವುಣರ ಭಿಲ್ಲಮನು ಈ ದೇವರಿಗೆ ದತ್ತಿ ಕೊಟ್ಟನು. ಮರುವರ್ಷವೇ, ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟಿದ್ದ ಹೊಯ್ಸಳ ವೀರಬಲ್ಲಾಳನು ಇದೇ ದೇವರಿಗೆ ದತ್ತಿ ಕೊಟ್ಟನು. ಇಬ್ಬರೂ ಹಗೆಗಳು; ನಡುವೆ ಯುದ್ಧವಾಗಿ ನಾಡು ಕೈಬದಲಾಗಿದೆ. ದಾನವನ್ನು ಪಡೆದ ಆಚಾರ್ಯನು ಮಾತ್ರ ಎರಡು ಸಲವೂ ಸಿದ್ಧಾಂತಿ ಚಂದ್ರಭೂಷಣ ಪಂಡಿತನೇ. ವಿದ್ಯಾರ್ಥಿಯು ಬಹಳ ಹೊತ್ತು ನಕ್ಕು, ಇದು ತನ್ನ ಊರಿನ ಮಠಾಧಿಪತಿಗಳ ಕಥೆಯೂ ಹೌದೆಂದನು.

ಆಮೇಲೆ ಅಂಗಳದ ಒಂದು ಕಲ್ಲಿನ ಮುಂದೆ ಕುಳಿತು ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸುತ್ತ ತಡವರಿಸಿ ಓದತೊಡಗಿದನು. ಅಲ್ಲಿ ಆಡುತ್ತಿದ್ದ ಹುಡುಗರು ಸುತ್ತುವರಿದರು. ಹತ್ತು ವರ್ಷದವನೊಬ್ಬನು, "ಇದು ದೇವರ ಅಕ್ಷರ ಅಂತಾರ್ರೀ, ಇದನ್ನ ಓದಾಕ ಬರತೈತೇನು?" ಎಂದನು. ವಿದ್ಯಾರ್ಥಿಯು ಒಂದು ಅಕ್ಷರವನ್ನು ತೋರಿಸಿ, "ಇದು ನ" ಎಂದನು. ಹುಡುಗನು ಬಾಗಿ ನೋಡಿದನು. ಸ್ವಲ್ಪ ಹೊತ್ತಿನಲ್ಲಿ ತಾನೇ ಅದೇ ಸಾಲಿನಲ್ಲಿ ಇನ್ನೂ ಮೂರು ನಕಾರಗಳನ್ನು ಕಂಡುಹಿಡಿದು, ಬಳಿಕ ಒಂದು ರಕಾರವನ್ನೂ ಹಿಡಿದು, "ಇದು ನಮ್ಮ ಸಾಲಿ ಅಕ್ಷರನ ಐತಿ!" ಎಂದು ಕೂಗಿದನು.

ನಮಗೆ ಆಗ ಆದ ಭಾವವು ಸಂತೋಷವೊಂದೇ ಅಲ್ಲ. ದಿನವೂ ಆ ಕಲ್ಲಿನ ಪಕ್ಕದಲ್ಲಿ ಆಡುವ ಮಗುವಿಗೆ, ಅದು ತನ್ನ ಲಿಪಿಯೆಂದು ಹೇಳುವುದಕ್ಕೆ ಏಳು ಸಮುದ್ರದಾಚೆಯವನು ಬರಬೇಕಾಯಿತು. ಪ್ರಾಥಮಿಕ ಶಾಲೆಯ ಉಪಾಧ್ಯಾಯರೊಬ್ಬರು ಒಂದು ಮಧ್ಯಾಹ್ನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಆಗುವ ಕೆಲಸವಿದು. ಹಣ ಬೇಡ, ವಿಶ್ವವಿದ್ಯಾಲಯ ಬೇಡ. ಪರದೇಶದವರು ನಮ್ಮ ಕಲ್ಲುಗಳನ್ನು ಹೊಗಳಿದರೆಂದು ಹಿಗ್ಗುವ ವಿದ್ಯಾವಂತರನ್ನು ನಾವು ಬಹಳ ಕಂಡಿದ್ದೇವೆ. ಆ ಹಿಗ್ಗಿನಿಂದ ಒಂದು ಅಕ್ಷರವೂ ಓದಿದಂತಾಗುವುದಿಲ್ಲ.

ಆದರೆ ಲೆಕ್ಕವು ಒಂದೇ ಕಡೆಗೆ ವಾಲಲಿಲ್ಲ. ಅದೇ ಹುಡುಗನು ನಮ್ಮನ್ನು ವೀರನಾರಾಯಣನ ಗುಡಿಗೆ ಎಳೆದೊಯ್ದನು. ಗೋಪುರವು ವಿಜಯನಗರದ ಕಾಲದ ಶೈಲಿಯದು, ಒಳಗಿನ ಭಾಗ ಅದಕ್ಕಿಂತ ಹಳೆಯದು ಎಂದು ವಿದ್ಯಾರ್ಥಿಯು ಬರೆದುಕೊಳ್ಳುತ್ತಿರುವಾಗ, ಹುಡುಗನು ಒಂದು ಕಂಬವನ್ನು ತಬ್ಬಿ ನಿಂತು ಕಥೆ ಹೇಳಿದನು: ನಾರಣಪ್ಪ ಮಿಂದು ಒದ್ದೆಬಟ್ಟೆಯಲ್ಲಿ ಬಂದು ಇಲ್ಲಿಯೇ ಕೂಡುತ್ತಿದ್ದ, ಬಟ್ಟೆ ಆರುವವರೆಗೆ ಪದ್ಯ ಬರುತ್ತಿತ್ತು, ಆರಿದ ಮೇಲೆ ನಿಲ್ಲುತ್ತಿತ್ತು. ವಿದ್ಯಾರ್ಥಿಯು ತನ್ನ ಪುಸ್ತಕಗಳನ್ನು ತಿರುವಿ ನೋಡಿದನು. ಕಂಬದ ಕಥೆ ಆತನ ಟಿಪ್ಪಣಿಗಳಲ್ಲಿ ಎಲ್ಲಿಯೂ ಇರಲಿಲ್ಲ. ಇತಿಹಾಸವಲ್ಲದ್ದನ್ನು ಟಿಪ್ಪಣಿಗೆ ಸೇರಿಸುವುದು ಸರಿಯೇ ಎಂದು ನಮ್ಮನ್ನು ಕೇಳಿದನು. ಐದು ಶತಮಾನಗಳಿಂದ ಜನರು ಗದುಗಿನ ಭಾರತವನ್ನು ಓದುತ್ತ ಕೇಳುತ್ತ ಬಂದಿರುವುದಂತೂ ಇತಿಹಾಸವೇ ಎಂದೆವು.

ಮರುದಿನ ಲಕ್ಕುಂಡಿಗೆ ಹೊರಡಬೇಕಾಗಿದ್ದಿತು. ಆತನು ಬೆಟಗೇರಿಯ ಮಗ್ಗಗಳನ್ನು ನೋಡಬೇಕೆಂದನು. ಓಣಿಯ ತುಂಬ ವಿದ್ಯುತ್ ಮಗ್ಗಗಳ ಸದ್ದು, ಕೈಮಗ್ಗ ಹುಡುಕಬೇಕು. ಒಂದು ಮನೆಯಲ್ಲಿ ವೃದ್ಧ ನೇಕಾರರೊಬ್ಬರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಲಾಳಿ ಆಡಿಸುತ್ತಿದ್ದರು. ವಿದ್ಯಾರ್ಥಿಯು ಕೂಲಿ, ನೂಲು, ಬೆಲೆಗಳ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡಿದ್ದನು. ಅವನ್ನು ಕೇಳುವುದಕ್ಕೆ ಮೊದಲೇ ಮನೆಯೊಡತಿ ಬಂದು, "ತಮ್ಮಾ, ನಿಮ್ಮವ್ವ ಅದಾಳೇನು? ಒಬ್ಬನ್ನ ಇಷ್ಟು ದೂರ ಹೆಂಗ ಬಿಟ್ಟಳಪ್ಪಾ?" ಎಂದಳು. ಆತನ ಮುಖ ಕೆಂಪಾಯಿತು. ತಾಯಿ ಬದುಕಿರುವಳೆಂದೂ ವಾರಕ್ಕೊಮ್ಮೆ ಮಾತನಾಡುವೆನೆಂದೂ ಗ್ರಂಥಸ್ಥ ಕನ್ನಡದಲ್ಲಿ ಉತ್ತರಕೊಟ್ಟನು. "ವಾರಕ್ಕೊಮ್ಮೆ ಅಷ್ಟ?" ಎಂದು ಆಕೆ ಗಂಡನ ಮುಖ ನೋಡಿದಳು. ಪ್ರಶ್ನೆ ಕೇಳಲು ಬಂದವನು ಪ್ರಶ್ನೆಗೆ ಸಿಕ್ಕಿಕೊಳ್ಳುವುದನ್ನು ತನಗೆ ಯಾವ ಗುರುವೂ ಕಲಿಸಿರಲಿಲ್ಲವೆಂದು ಆತನು ದಾರಿಯಲ್ಲಿ ಹೇಳಿದನು.

ಆ ಮನೆಯ ಪಡಸಾಲೆಯಲ್ಲಿ ಕೊಡ, ಹಂಡೆ, ಪೀಪಾಯಿಗಳು ಗೋಡೆಯುದ್ದಕ್ಕೂ ತುಂಬಿ ನಿಂತಿದ್ದುವು. ಹಬ್ಬವೇ ಎಂದು ಆತನು ಕೇಳಿದನು. ನಲ್ಲಿಯಲ್ಲಿ ನೀರು ಬಂದು ಒಂಬತ್ತು ದಿನವಾಯಿತೆಂದೂ ಇನ್ನು ಎಂದು ಬರುವುದೋ ತಿಳಿಯದೆಂದೂ ಆಕೆ ಹೇಳಿ, ಆ ನೀರಿನಲ್ಲಿಯೇ ನಮಗೆ ಚಹಾ ಕಾಸಿಕೊಟ್ಟಳು.

ಮೂರನೆಯ ದಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಳೆಯಿತು. ಪಂಚಾಕ್ಷರ ಗವಾಯಿಗಳು ಸ್ಥಾಪಿಸಿ, 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು ಬೆಳಸಿದ ಅಲ್ಲಿಯ ಪಾಠವನ್ನು ಕುರಿತು ಬೇರೆಯೇ ಒಂದು ಭಾಷಣ ಬೇಕು. ಅಂಧ ಬಾಲಕರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ಊಟಕ್ಕೆ ಹೋಗುವುದನ್ನು ಕಂಡು ಆತನು ಛಾಯಾಯಂತ್ರವನ್ನು ಚೀಲಕ್ಕೆ ಹಾಕಿದನೆಂದಷ್ಟು ಹೇಳಿ ಮುಂದೆ ಸಾಗುತ್ತೇವೆ. ಕಣಗಿನಹಾಳಕ್ಕೂ ಹೋಗಿದ್ದೆವು, 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ತೆಗೆದ ಹಳ್ಳಿಯದು. ಬದನೆಕಾಯಿ ಬಜ್ಜಿಯ ವಿಷಯದಲ್ಲಿ ಆತನ ಅಭಿಪ್ರಾಯವು ಉತ್ಸಾಹಪೂರ್ಣವಾಗಿದ್ದಿತು. ಮೆಣಸಿನಕಾಯಿಯದರ ವಿಷಯದಲ್ಲಿ ಅಷ್ಟಿಲ್ಲ.

ಹೀಗೆ ಲಕ್ಕುಂಡಿಗೆ ಉಳಿದದ್ದು ಒಂದೇ ದಿನ. ಅತ್ತಿಮಬ್ಬೆಯ ಬಸದಿಯನ್ನೂ ಕಾಶಿವಿಶ್ವನಾಥನ ಗುಡಿಯನ್ನೂ ಆತನು ಬೇಗನೆ ಅಳೆದು ಮುಗಿಸಿ, ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕುಳಿತನು. ಊರಿನಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತುಂಟೆಂದು ಅಲ್ಲಿದ್ದವರು ಹೇಳಿದರು. ಆತನು ಬಾವಿಯ ಚಿತ್ರವನ್ನು ಬರೆದುಕೊಂಡನು. ಕೆಳಗೆ ಕಾಲವನ್ನೂ ರಾಜವಂಶವನ್ನೂ ಬರೆಯುವುದು ಆತನ ಪದ್ಧತಿ. ಅವನ್ನು ಬರೆದ ಮೇಲೆ ಇನ್ನೊಂದು ಸಾಲನ್ನೂ ಸೇರಿಸಿದನು: ಬೆಟಗೇರಿ, ನಲ್ಲಿ, ಒಂಬತ್ತು ದಿನ. ಅಷ್ಟರಲ್ಲಿ ಗದುಗಿನ ಬಸ್ಸು ಬಂದಿತು.